ಟೈಟಲ್ ಬಾರ್ ಯಾರ ಸ್ವತ್ತು?

2020ರ ಡಿಸೆಂಬರ್ 22ರಂದು ಎಕ್ಸ್‌ಎಫ್‌ಸಿಇ 4.16 ಬಿಡುಗಡೆಯಾಯಿತು. ಲಿನಕ್ಸ್‌ನಲ್ಲಿ ವಿಂಡೋ, ಮೆನು, ಸೆಟ್ಟಿಂಗ್ಸ್ ಎಲ್ಲ ಒದಗಿಸುವ ಈ ಡೆಸ್ಕ್‌ಟಾಪ್ ಬಳಸುವವರ ಸ್ವಭಾವವೇ ಸ್ವಲ್ಪ ಬೇರೆ. ಹಳೇ ಲ್ಯಾಪ್‌ಟಾಪ್ ಮೇಲೂ ಸರಾಗವಾಗಿ ಓಡಬೇಕು, ನಿನ್ನೆ ಇದ್ದ ಬಟನ್ ಇವತ್ತೂ ಅಲ್ಲೇ ಇರಬೇಕು, ನಾನು ಹೇಳದೆ ಏನೂ ಬದಲಾಗಬಾರದು. ಇಷ್ಟೇ ಅವರ ಬೇಡಿಕೆ. ಅಂಥವರು ಹೊಸ ಆವೃತ್ತಿ ಹಾಕಿಕೊಂಡು ಸೆಟ್ಟಿಂಗ್ಸ್ ತೆರೆದರೆ ವಿಂಡೋದ ನೆತ್ತಿಯ ಮೇಲಿನ ಪಟ್ಟಿ, ಅಂದರೆ ಟೈಟಲ್ ಬಾರ್, ಬೇರೆಯೇ ಆಗಿತ್ತು. ದಪ್ಪ ಜಾಸ್ತಿ. ತಾವು ಆರಿಸಿಕೊಂಡ ವಿಂಡೋ ಥೀಮ್ ಅದಕ್ಕೆ ಹತ್ತುತ್ತಿರಲಿಲ್ಲ. ಪಕ್ಕದಲ್ಲಿ ತೆರೆದಿದ್ದ ಥುನಾರ್ ಫೈಲ್ ಮ್ಯಾನೇಜರ್‌ಗೆ ಮಾತ್ರ ಹಳೇ ಪಟ್ಟಿಯೇ ಇತ್ತು. ಒಂದೇ ಪರದೆ, ಎರಡು ವೇಷ. ಬಳಕೆದಾರರ ತಕರಾರು, ಜಗಳ ಶುರುವಾಯಿತು.

ಮೂವತ್ತು ನಲವತ್ತು ಪಿಕ್ಸೆಲ್ ಎತ್ತರದ ಪಟ್ಟಿಗೆ ಇಷ್ಟೊಂದು ಜಗಳವಾ ಅಂತ ಹೊರಗಿನವರಿಗೆ ನಗು ಬರಬಹುದು. ನನಗೂ ಮೊದಮೊದಲು ಇದು ಬರೀ ಅಂದಚಂದದ ಮಾತು ಅನ್ನಿಸುತ್ತಿತ್ತು. ಒಳಗೆ ಇಳಿದು ನೋಡಿದರೆ ವಿಷಯ ಬೇರೆ. ಆ ಪಟ್ಟಿಯನ್ನು ಯಾವ ಪ್ರೋಗ್ರಾಮ್ ಬಿಡಿಸುತ್ತದೋ, ಪಟ್ಟಿಯ ಮೇಲೆ ಅದರದ್ದೇ ಮಾತು ನಡೆಯುತ್ತದೆ. ಹಾಗಾಗಿ ಈ ವಾದವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಆ ಪಟ್ಟಿ ಹೇಗೆ ಹುಟ್ಟುತ್ತದೆ ಅಂತ ನೋಡಬೇಕು.

ಹಳೇ ಏರ್ಪಾಡು

ಲಿನಕ್ಸ್‌ನ ಗ್ರಾಫಿಕ್ಸ್ ಬಹುಕಾಲ ನಿಂತದ್ದು ಎಕ್ಸ್ ವಿಂಡೋ ಸಿಸ್ಟಮ್ ಮೇಲೆ. ಅದು 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿತು. ಈಗಲೂ ಬಳಕೆಯಲ್ಲಿರುವ ಎಕ್ಸ್11 ಬಂದದ್ದು 1987ರಲ್ಲಿ. ವಿಂಡೋ ಹೇಗೆ ಕಾಣಬೇಕು, ಬಟನ್ ಎಲ್ಲಿರಬೇಕು ಅನ್ನುವುದನ್ನು ಎಕ್ಸ್ ತಾನು ತೀರ್ಮಾನಿಸುವುದಿಲ್ಲ. ಆ ಕೆಲಸವನ್ನು ವಿಂಡೋ ಮ್ಯಾನೇಜರ್ ಅನ್ನುವ ಇನ್ನೊಂದು ಪ್ರೋಗ್ರಾಮ್‌ಗೆ ಬಿಟ್ಟಿದೆ.

ಒಂದು ಆ್ಯಪ್ ಶುರುವಾದಾಗ ಅದು ಎಕ್ಸ್ ಬಳಿ ಒಂದು ಖಾಲಿ ಆಯತ ಕೇಳುತ್ತದೆ. ಜೊತೆಗೆ ತನ್ನ ಹೆಸರು ಇಂಥದ್ದು ಅಂತ ಒಂದು ಸಾಲು ಬರೆದಿಡುತ್ತದೆ. ಅಷ್ಟು ಹೊತ್ತಿಗೆ ವಿಂಡೋ ಮ್ಯಾನೇಜರ್ ಮಧ್ಯೆ ಬಂದು, ಸ್ವಲ್ಪ ದೊಡ್ಡದಾದ ಇನ್ನೊಂದು ಆಯತ ಮಾಡಿ, ಆ್ಯಪಿನ ಆಯತವನ್ನು ಅದರೊಳಗೆ ಕೂರಿಸುತ್ತದೆ. ಸುತ್ತ ಉಳಿದ ಜಾಗದಲ್ಲಿ ಅಂಚು ಬಿಡಿಸುತ್ತದೆ, ಮೇಲೆ ಟೈಟಲ್ ಬಾರ್ ಬಿಡಿಸುತ್ತದೆ, ಆ್ಯಪ್ ಬರೆದಿಟ್ಟ ಹೆಸರನ್ನು ಅಲ್ಲಿ ಮೂಡಿಸುತ್ತದೆ. ಫೋಟೋಗೆ ಕಟ್ಟು ಹಾಕಿಸಿದ ಹಾಗೆ. ಕಟ್ಟು ಯಾವುದು ಅನ್ನುವುದು ಫೋಟೋಗೆ ಗೊತ್ತೇ ಇರುವುದಿಲ್ಲ.

ಇದನ್ನು ಸರ್ವರ್ ಸೈಡ್ ಡೆಕೊರೇಶನ್ ಅನ್ನುತ್ತಾರೆ, ಚಿಕ್ಕದಾಗಿ ಎಸ್‌ಎಸ್‌ಡಿ. ಆ್ಯಪ್ ತನ್ನ ಪಟ್ಟಿಯನ್ನು ತಾನೇ ಬಿಡಿಸಿಕೊಂಡರೆ ಅದು ಕ್ಲೈಂಟ್ ಸೈಡ್ ಡೆಕೊರೇಶನ್, ಸಿಎಸ್‌ಡಿ. ಇಡೀ ಜಗಳ ಈ ಎರಡರ ನಡುವಿನದು.

ಹಳೇ ಏರ್ಪಾಡಿನಲ್ಲಿ ಬಳಕೆದಾರನಿಗೆ ಏನೆಲ್ಲ ಸಿಗುತ್ತಿತ್ತು ಅನ್ನುವುದಕ್ಕೆ ಎಕ್ಸ್‌ಎಫ್‌ಸಿಇಯ ಸ್ವಂತ ವಿಂಡೋ ಮ್ಯಾನೇಜರ್ ಎಕ್ಸ್‌ಎಫ್‌ಡಬ್ಲ್ಯುಎಂ4 ಒಳ್ಳೇ ಮಾದರಿ. ಅದರ ಸೆಟ್ಟಿಂಗ್ಸ್‌ನಲ್ಲಿ ಬಟನ್‌ಗಳನ್ನು ಮೌಸ್‌ನಿಂದ ಎಳೆದು ಬೇಕಾದ ಕಡೆ ಇಟ್ಟುಕೊಳ್ಳಬಹುದು. ಮುಚ್ಚುವ ಬಟನ್ ಎಡಕ್ಕೆ ಬೇಕಾ, ಆಯ್ತು. ದೊಡ್ಡದು ಮಾಡುವ ಬಟನ್ ಬೇಡವೇ ಬೇಡವಾ, ಅದೂ ಆಯ್ತು. ಟೈಟಲ್ ಬಾರ್ ಮೇಲೆ ಮೌಸ್ ಚಕ್ರ ತಿರುಗಿಸಿದರೆ ವಿಂಡೋ ಸುರುಳಿ ಸುತ್ತಿಕೊಂಡು ಬರೀ ಪಟ್ಟಿ ಉಳಿಯುತ್ತದೆ, ಉಲ್ಟಾ ತಿರುಗಿಸಿದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಹತ್ತು ವಿಂಡೋ ಇಟ್ಟುಕೊಂಡು ಕೆಲಸ ಮಾಡುವವರಿಗೆ ಇದು ಕೈಗೆ ಕೂತ ಅಭ್ಯಾಸ. ಚುಕ್ಕಿಗಳು ದಟ್ಟವಾಗಿರುವ ಹೈ ಡಿಪಿಐ ಪರದೆಗಳಿಗೆಂದು ದೊಡ್ಡ ಬಟನ್‌ಗಳ ಥೀಮ್‌ಗಳೂ ಅದರ ಜೊತೆಗೇ ಬರುತ್ತವೆ. ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ಇದು ಶೋಕಿ ಅಲ್ಲ, ಅಗತ್ಯ. ಒಂದು ಕಡೆ ಬದಲಿಸಿದರೆ ಎಲ್ಲ ವಿಂಡೋಗೂ ಅನ್ವಯ. ಆ್ಯಪ್ ಬರೆದವರನ್ನು ಕೇಳುವ ಮಾತೇ ಇಲ್ಲ.

ಇನ್ನೊಂದು ಲಾಭ ಆ್ಯಪ್ ಕೆಟ್ಟು ನಿಂತಾಗ ಕಾಣುತ್ತದೆ. ಪಟ್ಟಿ ಬೇರೆ ಪ್ರೋಗ್ರಾಮಿನದು, ಹಾಗಾಗಿ ಒಳಗಿನ ಆ್ಯಪ್ ಸ್ತಬ್ಧವಾದರೂ ವಿಂಡೋವನ್ನು ಹಿಡಿದು ಪಕ್ಕಕ್ಕೆ ಎಳೆಯಬಹುದು. ಮುಚ್ಚುವ ಬಟನ್ ಒತ್ತಿದಾಗ ವಿಂಡೋ ಮ್ಯಾನೇಜರ್ ಆ್ಯಪನ್ನು 'ಬದುಕಿದ್ದೀಯಾ' ಅಂತ ಕೇಳುತ್ತದೆ. ಉತ್ತರ ಬರದಿದ್ದರೆ ಬಲವಂತವಾಗಿ ಮುಗಿಸಲಾ ಅಂತ ನಮ್ಮನ್ನು ಕೇಳುತ್ತದೆ.

ಕನ್ನಡದವರು ಮಾತ್ರ ಗಮನಿಸುವ ಒಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟೈಟಲ್ ಬಾರಿನ ಅಕ್ಷರಗಳನ್ನು ಮೂಡಿಸುವುದು ವಿಂಡೋ ಮ್ಯಾನೇಜರ್ ಆದರೆ, ಒತ್ತಕ್ಷರ ಸರಿಯಾಗಿ ಬರುವುದೂ ಬಿಡುವುದೂ ಅದರ ಕೈಯಲ್ಲೇ. ಎಕ್ಸ್‌ಎಫ್‌ಡಬ್ಲ್ಯುಎಂ4 ಅಕ್ಷರ ಜೋಡಿಸುವ ಪ್ಯಾಂಗೋ ಲೈಬ್ರರಿ ಬಳಸುವುದರಿಂದ ಕನ್ನಡದ ಫೈಲ್ ಹೆಸರು ಸರಿಯಾಗಿ ಕಾಣುತ್ತದೆ. ಡಿಡಬ್ಲ್ಯುಎಂ ಥರದ ಪುಟಾಣಿ ವಿಂಡೋ ಮ್ಯಾನೇಜರ್‌ಗಳು ಅಕ್ಷರ ಜೋಡಿಸುವ ತಲೆನೋವನ್ನೇ ಇಟ್ಟುಕೊಂಡಿಲ್ಲ. ಅಲ್ಲಿ ಆ್ಯಪಿನ ಒಳಗೆ ಕನ್ನಡ ಮುತ್ತಿನಂತೆ ಇದ್ದರೂ ಮೇಲೆ ಬಾರಿನಲ್ಲಿ ಬಿಡಿಬಿಡಿಯಾಗಿ ಒಡೆದು ನಿಂತಿರುತ್ತದೆ. ಎಸ್‌ಎಸ್‌ಡಿ ಅಂದರೆ ಎಲ್ಲವೂ ಒಳ್ಳೆಯದು ಅಂತ ಹೇಳುವವರಿಗೆ ನಾನು ಇದನ್ನು ನೆನಪಿಸುತ್ತಿರುತ್ತೇನೆ.

ಆ್ಯಪ್‌ಗಳು ಪಟ್ಟಿಯನ್ನು ಕೇಳಿದ್ದು

ತನ್ನ ವೇಷ ತಾನೇ ಹಾಕಿಕೊಂಡ ಆ್ಯಪ್‌ಗಳು ಮೊದಲೂ ಇದ್ದವು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಎಕ್ಸ್‌ಎಂಎಂಎಸ್ ಅನ್ನುವ ಹಾಡು ಕೇಳುವ ಪ್ರೋಗ್ರಾಮ್ ವಿನ್ಆ್ಯಂಪ್‌ನ ಚರ್ಮ ಹೊದ್ದು, ವಿಂಡೋ ಮ್ಯಾನೇಜರ್‌ಗೆ 'ನನಗೆ ನಿನ್ನ ಪಟ್ಟಿ ಬೇಡ' ಅನ್ನುತ್ತಿತ್ತು. ಗೂಗಲ್ ಕ್ರೋಮ್ ಬಂದ ಮೇಲೆ ಟ್ಯಾಬ್‌ಗಳೇ ನೆತ್ತಿಗೆ ಏರಿದವು. ಇವು ಬಿಡಿ ಆ್ಯಪ್‌ಗಳು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಒಂದು ಡೆಸ್ಕ್‌ಟಾಪೇ ಅದನ್ನು ತನ್ನ ದಾರಿ ಮಾಡಿಕೊಂಡದ್ದು 2013ರ ಸೆಪ್ಟೆಂಬರ್‌ನಲ್ಲಿ, ಗ್ನೋಮ್ 3.10ರ ಜೊತೆ. ಗ್ನೋಮ್ ಆ್ಯಪ್‌ಗಳನ್ನು ಕಟ್ಟುವ ಜಿಟಿಕೆ ಲೈಬ್ರರಿಗೆ ಹೆಡರ್ ಬಾರ್ ಅನ್ನುವ ಹೊಸ ಭಾಗ ಸೇರಿತು. ಟೈಟಲ್, ಮುಚ್ಚುವ ಬಟನ್, ಹುಡುಕುವ ಬಟನ್, ಮೆನು ಎಲ್ಲವೂ ಒಂದೇ ಪಟ್ಟಿಯಲ್ಲಿ. ಅದನ್ನು ಬಿಡಿಸುವುದು ಆ್ಯಪ್.

ಇದರ ಹಿಂದಿನ ಲೆಕ್ಕ ತಪ್ಪೇನಲ್ಲ. ಆಗ ಬಹಳ ಲ್ಯಾಪ್‌ಟಾಪ್‌ಗಳ ಪರದೆ 1366×768. ಟೈಟಲ್ ಬಾರ್, ಅದರ ಕೆಳಗೆ ಮೆನು ಬಾರ್, ಅದರ ಕೆಳಗೆ ಟೂಲ್ ಬಾರ್ ಅಂತ ಮೂರು ಅಂತಸ್ತು ಕಟ್ಟಿದರೆ ಎಂಬತ್ತು ತೊಂಬತ್ತು ಪಿಕ್ಸೆಲ್ ಸುಮ್ನೆ ಹೋಗುತ್ತದೆ. ಅಡ್ಡಕ್ಕೆ ಜಾಗ ಬೇಕಾದಷ್ಟಿದೆ, ಉದ್ದಕ್ಕೆ ಇಲ್ಲ. ಮೂರನ್ನೂ ಸುಮಾರು 46 ಪಿಕ್ಸೆಲ್‌ನ ಒಂದೇ ಪಟ್ಟಿಗೆ ಮಡಚಿದರೆ ಓದಲು, ಬರೆಯಲು ಅಷ್ಟು ಜಾಗ ಹೆಚ್ಚು. ಬ್ರೌಸರ್‌ನಲ್ಲಿ ಈ ಲಾಭ ಎದ್ದು ಕಾಣುತ್ತದೆ.

ಆದರೆ ಲೆಕ್ಕ ಎಲ್ಲ ಕಡೆಯೂ ಒಂದೇ ಅಲ್ಲ. ಟರ್ಮಿನಲ್‌ನಂಥ ಆ್ಯಪಿಗೆ ಟೂಲ್ ಬಾರೇ ಇರುವುದಿಲ್ಲ. ಅದಕ್ಕೆ ಇಪ್ಪತ್ತೈದು ಪಿಕ್ಸೆಲ್ ಪಟ್ಟಿ ಸಾಕಿತ್ತು. ಹೆಡರ್ ಬಾರ್ ಹಾಕಿದರೆ ಅಲ್ಲಿ ಜಾಗ ಉಳಿಯುವ ಬದಲು ನಷ್ಟವಾಗುತ್ತದೆ. ಇನ್ನೊಂದು ಕಿರಿಕಿರಿ ಎಲ್ಲರಿಗೂ ಗೊತ್ತಿರುವುದೇ. ಪಟ್ಟಿಯ ತುಂಬ ಬಟನ್ ಇದ್ದರೆ ವಿಂಡೋವನ್ನು ಎಳೆಯಲು ಎಲ್ಲಿ ಹಿಡಿಯುವುದು? ಫೈರ್‌ಫಾಕ್ಸ್‌ನವರು ಹಿಡಿಯಲೆಂದೇ ಖಾಲಿ ಜಾಗ ಬಿಡುವ ಆಯ್ಕೆ ಇಡಬೇಕಾಯಿತು.

ನೆರಳಿನ ಕಥೆಯೂ ಇದೆ. ಸಿಎಸ್‌ಡಿ ವಿಂಡೋ ತನ್ನ ನೆರಳನ್ನೂ ತಾನೇ ಬಿಡಿಸಿಕೊಳ್ಳುತ್ತದೆ. ಅಂದರೆ ಕಣ್ಣಿಗೆ ಕಾಣುವುದಕ್ಕಿಂತ ಅದರ ನಿಜವಾದ ಆಯತ ದೊಡ್ಡದು, ಸುತ್ತ ಪಾರದರ್ಶಕ ಅಂಚು. ಎಷ್ಟು ಅಂಚು ನೆರಳಿಗೆ ಹೋಯಿತು ಅಂತ ಜಿಟಿಕೆ ಒಂದು ಚೀಟಿ ಬರೆದಿಡುತ್ತದೆ. ವಿಂಡೋ ಮ್ಯಾನೇಜರ್‌ಗೆ ಆ ಚೀಟಿ ಓದಲು ಬಂದರೆ ಸರಿ. ಬರದಿದ್ದರೆ ವಿಂಡೋವನ್ನು ಪರದೆಯ ಅಂಚಿಗೆ ತಾಗಿಸಿದಾಗ ನಡುವೆ ಕಾರಣವಿಲ್ಲದ ಸಂದು ಉಳಿಯುತ್ತದೆ. ಕೆಡಿಇ ಅನ್ನುವ ಇನ್ನೊಂದು ಡೆಸ್ಕ್‌ಟಾಪ್ ಬಳಗದ ವಿಂಡೋ ಮ್ಯಾನೇಜರ್ ಕೆವಿನ್ ಇದನ್ನು ಓದಲು ಕಲಿತದ್ದು 2020ರ ಫೆಬ್ರವರಿಯಲ್ಲಿ ಬಂದ ಆ ಡೆಸ್ಕ್‌ಟಾಪಿನ ಆವೃತ್ತಿ ಪ್ಲಾಸ್ಮಾ 5.18ರಲ್ಲಿ. ಗ್ನೋಮ್ ಹೆಡರ್ ಬಾರ್ ತಂದು ಆಗಲೇ ಆರು ವರ್ಷ ದಾಟಿತ್ತು. ಒಬ್ಬರ ಮನೆಯ ನಿರ್ಧಾರದ ಖರ್ಚು ಪಕ್ಕದ ಮನೆಗೆ ಬೀಳುವುದು ಹೀಗೆ.

ಆ್ಯಪ್ ಬರೆಯುವವರ ಕಡೆಯ ಮಾತನ್ನೂ ಕೇಳಬೇಕು. ಅವರು ಅಳೆದು ತೂಗಿ ಒಂದು ವಿನ್ಯಾಸ ಮಾಡಿರುತ್ತಾರೆ. ಲಿನಕ್ಸನ್ನು ಆ್ಯಪ್‌ಗಳ ಜೊತೆ ಕಟ್ಟಿ ಹಂಚುವ ಡಿಸ್ಟ್ರಿಬ್ಯೂಷನ್‌ನವರೋ ಬಳಕೆದಾರರೋ ಯಾವುದೋ ಥೀಮ್ ಹಾಕಿ, ಬಿಳಿ ಬಟನ್ ಮೇಲೆ ಬಿಳಿ ಅಕ್ಷರ ಆಗಿ, ಕೊನೆಗೆ ದೂರು ಬರುವುದು ಆ್ಯಪ್ ಬರೆದವರ ಹತ್ತಿರ. 2019ರಲ್ಲಿ ಗ್ನೋಮ್ ಬಳಗದ ಹಲವು ಆ್ಯಪ್ ಅಭಿವೃದ್ಧಿಗಾರರು, ದಯವಿಟ್ಟು ನಮ್ಮ ಆ್ಯಪ್‌ಗಳಿಗೆ ನಿಮ್ಮ ಥೀಮ್ ಹಾಕಿ ಕಳಿಸಬೇಡಿ ಅಂತ ಡಿಸ್ಟ್ರಿಬ್ಯೂಷನ್‌ಗಳಿಗೆ ಬಹಿರಂಗ ಪತ್ರವನ್ನೇ ಬರೆದರು. ಬೇಸರ ನಿಜವಾದದ್ದೇ.

ಎಕ್ಸ್‌ಎಫ್‌ಸಿಇ ಮಾಡಿದ್ದೇನು

ಎಕ್ಸ್‌ಎಫ್‌ಸಿಇ ಕೂಡ ನಿಂತಿರುವುದು ಜಿಟಿಕೆ ಮೇಲೆ. 2019ರ ಆಗಸ್ಟ್‌ನಲ್ಲಿ ಬಂದ 4.14ರ ಹೊತ್ತಿಗೆ ಅದು ಜಿಟಿಕೆ 2ರಿಂದ 3ಕ್ಕೆ ಬದಲಾಗಿ ಮುಗಿಸಿತ್ತು. ಜಿಟಿಕೆ 3ರ ಜೊತೆಗೆ ಹೆಡರ್ ಬಾರ್ ಕೈಗೆ ಸಿಕ್ಕಿತು. 4.16ರಲ್ಲಿ ಸೆಟ್ಟಿಂಗ್ಸ್ ಡೈಲಾಗ್‌ಗಳಿಗೆ ಅದನ್ನು ತೊಡಿಸಿದರು. ಥುನಾರ್, ಟರ್ಮಿನಲ್‌ನಂಥ ಮುಖ್ಯ ವಿಂಡೋಗಳನ್ನು ಮುಟ್ಟಲಿಲ್ಲ.

ಇದಕ್ಕೆ ಒಂದು ಒಳ್ಳೆಯ ಕಾರಣ ಇತ್ತು. ಹಳೆಯ ಎಕ್ಸ್‌ಎಫ್‌ಸಿಇ ಡೈಲಾಗ್ ನೋಡಿದವರಿಗೆ ನೆನಪಿರಬಹುದು. ಟೈಟಲ್ ಬಾರಿನಲ್ಲಿ ಒಮ್ಮೆ ಹೆಸರು. ಅದರ ಕೆಳಗೆ ಇನ್ನೊಂದು ಅಗಲವಾದ ಪಟ್ಟಿಯಲ್ಲಿ ದೊಡ್ಡ ಐಕಾನ್, ಮತ್ತೆ ಅದೇ ಹೆಸರು, ಅದರಡಿ ಒಂದು ವಿವರಣೆಯ ಸಾಲು. ಒಂದೇ ಹೆಸರು ಒಂದರ ಕೆಳಗೊಂದು ಎರಡು ಸಲ. ಹೆಡರ್ ಬಾರ್ ಈ ಎರಡನ್ನೂ ಕೂಡಿಸಿತು. ಇಷ್ಟನ್ನೇ ಎದುರಿಗಿಟ್ಟು ನೋಡಿದರೆ ಹೊಸದೇ ಅಚ್ಚುಕಟ್ಟು. ಆದರೆ ಎರಡು ಸಲ ಬಂದ ಹೆಸರನ್ನು ತೆಗೆಯಲು ಕೆಳಗಿನ ಪಟ್ಟಿಯನ್ನು ಕಿತ್ತುಹಾಕಿದ್ದರೂ ಸಾಕಿತ್ತು, ಅಲ್ವಾ?

ಬಳಕೆದಾರರ ತಕರಾರುಗಳಲ್ಲಿ ಕೆಲವು ಬರೀ ಅಭ್ಯಾಸದ ಮಾತು. ಬಾಕಿಯವು ಗಟ್ಟಿ. ಆರಿಸಿಟ್ಟ ವಿಂಡೋ ಥೀಮ್ ಈ ಡೈಲಾಗ್‌ಗಳ ಹತ್ತಿರ ಬಂದು ನಿಂತುಬಿಡುತ್ತಿತ್ತು. ಚಕ್ರ ತಿರುಗಿಸಿ ವಿಂಡೋ ಸುತ್ತುವ ಅಭ್ಯಾಸ ಅಲ್ಲಿ ನಡೆಯುತ್ತಿರಲಿಲ್ಲ, ಯಾಕೆಂದರೆ ಆ ಪಟ್ಟಿ ವಿಂಡೋ ಮ್ಯಾನೇಜರ್‌ನದ್ದಲ್ಲ. ಹಳೇ ಯಂತ್ರದಲ್ಲಿ ಭಾರ ಕಡಿಮೆ ಮಾಡಲು ಕಾಂಪೊಸಿಟಿಂಗ್ (ನೆರಳು, ಪಾರದರ್ಶಕತೆ ಕೊಡುವ ಸೌಲಭ್ಯ) ಬಂದ್ ಮಾಡಿದವರಿಗೆ ನೆರಳೂ ಇಲ್ಲದೆ, ಒಂದು ಸಪ್ಪೆ ಗೆರೆಯ ನಡುವೆ ದಪ್ಪ ಪಟ್ಟಿ. ಹಳೇ ಯಂತ್ರದವರೇ ಎಕ್ಸ್‌ಎಫ್‌ಸಿಇಗೆ ಬರುವುದು ಜಾಸ್ತಿ ಅನ್ನುವುದನ್ನು ಮರೆಯಬಾರದು.

ಕೆಲವರು ದೂರು ಹೇಳಿ ಕೂರಲಿಲ್ಲ. ಎಕ್ಸ್‌ಎಫ್‌ಸಿಇ ಕ್ಲಾಸಿಕ್ ಅನ್ನುವ ಹೆಸರಿನಲ್ಲಿ, ಸಿಎಸ್‌ಡಿ ಕಿತ್ತುಹಾಕಿದ ಕವಲು (ಅದೇ ಕೋಡನ್ನು ತಿದ್ದಿದ ಬೇರೆ ಪ್ರತಿ) ಹುಟ್ಟಿತು. ಅದಕ್ಕಿಂತ ಹಳೆಯ ಉಪಾಯ ಜಿಟಿಕೆ3-ನೋಸಿಎಸ್‌ಡಿ. ಆ್ಯಪ್ ಶುರುವಾಗುವ ಮೊದಲೇ ಮಧ್ಯೆ ತೂರಿಕೊಂಡು, ಹೆಡರ್ ಬಾರ್ ಕೇಳುವ ಜಿಟಿಕೆ ಕರೆಗಳನ್ನು ದಾರಿ ತಪ್ಪಿಸುವ ಪುಟ್ಟ ಲೈಬ್ರರಿ ಅದು. ಆಗ ಹೆಡರ್ ಬಾರ್ ಮಾಮೂಲಿ ಟೂಲ್ ಬಾರಿನಂತೆ ಒಳಗಿಳಿಯುತ್ತದೆ, ಮೇಲೆ ವಿಂಡೋ ಮ್ಯಾನೇಜರ್‌ನ ಪಟ್ಟಿ ಬರುತ್ತದೆ. ಕೆಲವು ಆ್ಯಪ್‌ನಲ್ಲಿ ಎಡವಟ್ಟಾಗುವುದೂ ಉಂಟು.

2022ರ ಡಿಸೆಂಬರ್‌ನಲ್ಲಿ ಬಂದ 4.18ರಲ್ಲಿ ಎಕ್ಸ್‌ಎಫ್‌ಸಿಇ ತಂಡ ಒಂದು ಹೆಜ್ಜೆ ಹಿಂದಿಟ್ಟಿತು. ಡೈಲಾಗ್‌ಗಳಿಗೆ ಹೆಡರ್ ಬಾರ್ ಬೇಕಾ ಬೇಡವಾ ಅಂತ ಅಪಿಯರೆನ್ಸ್ ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ ಬಂತು. ಇದು ಸೋಲೂ ಅಲ್ಲ, ಗೆಲುವೂ ಅಲ್ಲ. ನನ್ನ ಮಟ್ಟಿಗೆ ಇದನ್ನು 4.16ರಲ್ಲೇ ಇಟ್ಟಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ. ಆದರೆ ಪ್ರತಿ ಆಯ್ಕೆಯೂ ಪರೀಕ್ಷಿಸಬೇಕಾದ ಕೋಡನ್ನು ಎರಡು ಪಟ್ಟು ಮಾಡುತ್ತದೆ. ಎಕ್ಸ್‌ಎಫ್‌ಸಿಇ ನಡೆಸುವುದು ಬೆರಳೆಣಿಕೆಯ ಸ್ವಯಂಸೇವಕರು. ಅವರು ಜಿಟಿಕೆ ಸಾಗಿದ ಕಡೆಗೇ ಸಾಗೋಣ ಅಂದುಕೊಂಡದ್ದರಲ್ಲಿ ಸೋಮಾರಿತನ ಹುಡುಕುವುದು ನ್ಯಾಯವಲ್ಲ.

ವೇಲ್ಯಾಂಡ್ ಬಂದ ಮೇಲೆ

ಇಲ್ಲಿಯವರೆಗಿನದು ಎಕ್ಸ್ ಕಾಲದ ಕಥೆ. ಈಗ ಲಿನಕ್ಸ್ ವೇಲ್ಯಾಂಡ್ ಕಡೆ ಹೊರಟಿದೆ. 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಶುರು ಮಾಡಿದ ಈ ಹೊಸ ವ್ಯವಸ್ಥೆಯಲ್ಲಿ ಎಕ್ಸ್ ಸರ್ವರ್ ಬೇರೆ, ವಿಂಡೋ ಮ್ಯಾನೇಜರ್ ಬೇರೆ ಅನ್ನುವ ಭೇದ ಇಲ್ಲ. ಎರಡೂ ಸೇರಿ ಕಾಂಪೊಸಿಟರ್ ಆಗಿದೆ. ಆ್ಯಪ್ ತನ್ನ ಚಿತ್ರವನ್ನು ಪೂರ್ತಿ ಬಿಡಿಸಿ ಕಾಂಪೊಸಿಟರ್ ಕೈಗೆ ಕೊಡುತ್ತದೆ. ಆ ಚಿತ್ರದ ಸುತ್ತ ಕಾಂಪೊಸಿಟರ್ ಕಟ್ಟು ಹಾಕಲೇಬೇಕು ಅಂತ ವೇಲ್ಯಾಂಡ್‌ನ ಮೂಲ ನಿಯಮದಲ್ಲಿ ಎಲ್ಲೂ ಇಲ್ಲ.

ಇದಕ್ಕೆ ತಾಂತ್ರಿಕ ಸಮರ್ಥನೆ ಇದೆ. ಎಕ್ಸ್‌ನಲ್ಲಿ ವಿಂಡೋದ ಮೂಲೆ ಹಿಡಿದು ಜೋರಾಗಿ ಎಳೆದರೆ ಕಟ್ಟು ಮುಂದೆ ಓಡುತ್ತದೆ, ಒಳಗಿನ ಚಿತ್ರ ಹಿಂದೆ ಬೀಳುತ್ತದೆ, ನಡುವೆ ಖಾಲಿ ಪಟ್ಟೆ ಮಿಣುಕುತ್ತದೆ. ಎರಡು ಪ್ರೋಗ್ರಾಮ್‌ಗಳು ಬೇರೆಬೇರೆ ಬಿಡಿಸಿದರೆ ಆಗುವುದೇ ಹೀಗೆ. ಎಲ್ಲವನ್ನೂ ಆ್ಯಪೇ ಒಂದು ಚಿತ್ರವಾಗಿ ಕೊಟ್ಟರೆ ಪ್ರತಿ ಫ್ರೇಮ್ ಪೂರ್ಣವಾಗಿರುತ್ತದೆ.

ಗ್ನೋಮ್ ಇದನ್ನೇ ಹಿಡಿದು ನಿಂತಿತು. 2018ರ ಜನವರಿಯಲ್ಲಿ ಗ್ನೋಮ್‌ನ ವಿನ್ಯಾಸಕಾರ ಟೋಬಿಯಾಸ್ ಬರ್ನಾರ್ಡ್, ಎಲ್ಲ ಆ್ಯಪ್‌ಗಳನ್ನೂ ಸಿಎಸ್‌ಡಿಗೆ ತರುವ ಅಭಿಯಾನವನ್ನೇ ಘೋಷಿಸಿದರು. ಬಹುಕಾಲ ಕೆವಿನ್ ನೋಡಿಕೊಂಡಿದ್ದ ಕೆಡಿಇಯ ಮಾರ್ಟಿನ್ ಗ್ರೇಸ್ಲಿನ್, ವೇಲ್ಯಾಂಡ್‌ಗೂ ಸಿಎಸ್‌ಡಿಗೂ ಗಂಟು ಹಾಕಬೇಡಿ, ವೇಲ್ಯಾಂಡ್‌ನಲ್ಲೂ ಎಸ್‌ಎಸ್‌ಡಿ ಚೆನ್ನಾಗಿ ನಡೆಯುತ್ತದೆ ಅಂತ ಬರೆದರು. ಅದೇ ವರ್ಷ ಎಕ್ಸ್‌ಡಿಜಿ-ಡೆಕೊರೇಶನ್ ಅನ್ನುವ ಹೆಚ್ಚುವರಿ ಒಪ್ಪಂದ ವೇಲ್ಯಾಂಡ್‌ಗೆ ಸೇರಿತು. ಆ್ಯಪ್ 'ಪಟ್ಟಿ ನೀನು ಬಿಡಿಸ್ತೀಯಾ, ನಾನು ಬಿಡಿಸಲಾ' ಅಂತ ಕೇಳಬಹುದು, ಕಾಂಪೊಸಿಟರ್ ಉತ್ತರ ಹೇಳಬಹುದು. ಕೆಡಿಇ ಒಪ್ಪಿತು, ಸ್ವೇ ಅನ್ನುವ ಇನ್ನೊಂದು ಕಾಂಪೊಸಿಟರ್ ಒಪ್ಪಿತು. ಗ್ನೋಮ್‌ನ ಕಾಂಪೊಸಿಟರ್ ಮಟರ್ ಅದನ್ನು ಸೇರಿಸಿಕೊಳ್ಳಲಿಲ್ಲ.

ಇದರ ಪರಿಣಾಮ ಗ್ನೋಮ್‌ಗೆಂದೇ ಬರೆಯದ ಆ್ಯಪ್‌ಗಳ ಮೇಲೆ ಬಿತ್ತು. ಎಂಪಿವಿ ಅನ್ನುವ ವಿಡಿಯೋ ಪ್ಲೇಯರ್ ಇದೆ. ಅದಕ್ಕೆ ಸಿನಿಮಾ ತೋರಿಸುವುದಷ್ಟೇ ಕೆಲಸ, ಪಟ್ಟಿ ಬಿಡಿಸಲು ಬರುವುದಿಲ್ಲ. ಗ್ನೋಮ್ ವೇಲ್ಯಾಂಡ್‌ನಲ್ಲಿ ಅದು ತಲೆ ಬೋಳಾಗಿ ನಿಲ್ಲುತ್ತಿತ್ತು. ಆಟಗಳು, ಸಣ್ಣಪುಟ್ಟ ಗ್ರಾಫಿಕ್ಸ್ ಪ್ರೋಗ್ರಾಮ್‌ಗಳದ್ದೂ ಇದೇ ಪಾಡು. ಪ್ರತಿಯೊಬ್ಬರೂ ತಮ್ಮ ಕೋಡಿನಲ್ಲಿ ಮುಚ್ಚುವ ಬಟನ್ ಬಿಡಿಸುತ್ತ ಕೂರಬೇಕಾ? ಕೊನೆಗೆ ಲಿಬ್‌ಡೆಕೋರ್ ಅನ್ನುವ ಲೈಬ್ರರಿ ಬಂತು. ಎಕ್ಸ್‌ಡಿಜಿ-ಡೆಕೊರೇಶನ್ ಇದ್ದರೆ ಅದು ಕಾಂಪೊಸಿಟರ್‌ಗೆ ಬಿಡುತ್ತದೆ, ಇಲ್ಲದಿದ್ದರೆ ಆ್ಯಪ್ ಪರವಾಗಿ ಪಟ್ಟಿ ಬಿಡಿಸುತ್ತದೆ. ಆಟಗಳಲ್ಲಿ ಬಳಕೆಯಾಗುವ ಎಸ್‌ಡಿಎಲ್, 3ಡಿ ಕೆಲಸದ ಬ್ಲೆಂಡರ್ ಇದನ್ನು ಬಳಸುತ್ತವೆ. ನನಗೆ ಗ್ನೋಮ್ ವಾದದ ದುರ್ಬಲ ಜಾಗ ಇದೇ ಅನ್ನಿಸುತ್ತದೆ. ತನ್ನ ಆ್ಯಪ್‌ಗಳಿಗೆ ಹೆಡರ್ ಬಾರ್ ಬೇಕು ಅನ್ನುವುದು ಸರಿ, ಪಟ್ಟಿ ಬಿಡಿಸಲು ಬಾರದ ಆ್ಯಪಿಗೆ ಒಂದು ಮಾಮೂಲಿ ಪಟ್ಟಿ ಕೊಡಲು ಏನು ಕಷ್ಟ? ಎಕ್ಸ್ ಆ್ಯಪ್‌ಗಳಿಗೆ ಅದೇ ಗ್ನೋಮ್ ಇವತ್ತಿಗೂ ಕಟ್ಟು ಹಾಕಿಕೊಡುತ್ತಿದೆ.

ಆ್ಯಪ್ ಸ್ತಬ್ಧವಾಗುವ ಪ್ರಶ್ನೆಗೆ ವೇಲ್ಯಾಂಡ್‌ನಲ್ಲಿ ಅರ್ಧ ಉತ್ತರ ಇದೆ. ಕಾಂಪೊಸಿಟರ್ ಆಗಾಗ ಆ್ಯಪನ್ನು ಮಾತಾಡಿಸುತ್ತದೆ, ಉತ್ತರ ಇಲ್ಲದಿದ್ದರೆ ಬಲವಂತವಾಗಿ ಮುಗಿಸಲಾ ಅಂತ ಕೇಳುತ್ತದೆ. ಆದರೆ ಸಿಎಸ್‌ಡಿ ಪಟ್ಟಿ ಹಿಡಿದು ಎಳೆಯಬೇಕಾದರೆ 'ನನ್ನನ್ನು ಸರಿಸು' ಅಂತ ಆ್ಯಪೇ ಕೋರಬೇಕು, ಸ್ತಬ್ಧವಾದ ಆ್ಯಪ್ ಕೋರುವುದಿಲ್ಲ. ಆಗ ಕೀಲಿ ಒತ್ತಿ ಎಳೆಯುವುದೇ ದಾರಿ. ಗ್ನೋಮ್ ಮತ್ತು ಕೆಡಿಇಯಲ್ಲಿ ಸೂಪರ್ ಕೀಲಿ (ವಿಂಡೋಸ್ ಗುರುತು ಇರುವುದು), ಎಕ್ಸ್‌ಎಫ್‌ಸಿಇಯಲ್ಲಿ ಆಲ್ಟ್. ವಿಂಡೋದ ಎಲ್ಲಿ ಹಿಡಿದರೂ ಸರಿಯುತ್ತದೆ. ಸಿಎಸ್‌ಡಿ ಇಷ್ಟ ಇರಲಿ ಬಿಡಲಿ, ಈ ಅಭ್ಯಾಸ ಇಟ್ಟುಕೊಳ್ಳಿ.

ಡಿಸ್ಟ್ರಿಬ್ಯೂಷನ್‌ಗಳು ತಮ್ಮ ತಮ್ಮ ದಾರಿ ನೋಡಿಕೊಂಡಿವೆ. 2024ರ ಲಿನಕ್ಸ್ ಮಿಂಟ್ 22, ಕ್ಯಾಲ್ಕ್ಯುಲೇಟರ್ ಸೇರಿದಂತೆ ಹಲವು ಗ್ನೋಮ್ ಆ್ಯಪ್‌ಗಳನ್ನು ಹಳೆಯ ಜಿಟಿಕೆ 3 ಆವೃತ್ತಿಗೇ ಇಳಿಸಿತು. ಹೊಸವು ಗ್ನೋಮ್‌ನ ಲಿಬ್‌ಅದ್ವೈತ ಲೈಬ್ರರಿ ಬಳಸುತ್ತವೆ, ಮಿಂಟ್‌ನ ಥೀಮ್ ಅವಕ್ಕೆ ಹತ್ತುವುದಿಲ್ಲ. ಬ್ರೌಸರ್‌ಗಳು ಮಾತ್ರ ಜಾಣತನ ತೋರಿಸಿವೆ. ಕ್ರೋಮ್‌ನಲ್ಲಿ ಟ್ಯಾಬ್‌ಗಳ ಪಕ್ಕದ ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಸ್ಟಮ್ ಟೈಟಲ್ ಬಾರ್ ಬಳಸುವ ಆಯ್ಕೆ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಟೂಲ್ ಬಾರ್ ಕಸ್ಟಮೈಸ್ ಮಾಡುವ ಪುಟದ ಕೆಳಗೆ ಟೈಟಲ್ ಬಾರ್ ಅನ್ನುವ ಚೌಕ ಇದೆ.

ಎಕ್ಸ್‌ಎಫ್‌ಸಿಇ ಬಳಸುವವರಿಗೆ ಮುಂದಿನ ಪ್ರಶ್ನೆ ಸೆಟ್ಟಿಂಗ್ಸ್ ಡೈಲಾಗ್‌ನದ್ದಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ 4.20ರಲ್ಲಿ ವೇಲ್ಯಾಂಡ್ ಪ್ರಯೋಗದ ಮಟ್ಟದಲ್ಲಿ ಓಡುತ್ತದೆ, ಆದರೆ ಎಕ್ಸ್‌ಎಫ್‌ಡಬ್ಲ್ಯುಎಂ4 ಅಲ್ಲಿಗೆ ಬಂದಿಲ್ಲ. ಅದರ ಜಾಗದಲ್ಲಿ ಲ್ಯಾಬ್‌ಡಬ್ಲ್ಯುಸಿ ಅಥವಾ ವೇಫೈರ್ ಅನ್ನುವ ಕಾಂಪೊಸಿಟರ್ ಹಾಕಿಕೊಳ್ಳಬೇಕು. ಲ್ಯಾಬ್‌ಡಬ್ಲ್ಯುಸಿ ಪಟ್ಟಿಯನ್ನು ತಾನೇ ಬಿಡಿಸುತ್ತದೆ, ಅದೂ ಓಪನ್‌ಬಾಕ್ಸ್ ಅನ್ನುವ ಹಳೇ ವಿಂಡೋ ಮ್ಯಾನೇಜರ್‌ನ ಥೀಮ್‌ಗಳನ್ನು ಓದಿಕೊಂಡು. ಹಳೇ ಥೀಮ್ ಫೋಲ್ಡರ್ ಇಟ್ಟುಕೊಂಡಿರುವವರು ಒಮ್ಮೆ ತೆರೆದು ನೋಡಬಹುದು. ಎಕ್ಸ್‌ಎಫ್‌ಡಬ್ಲ್ಯುಎಂ4ನ ಥೀಮ್ ಅಲ್ಲಿ ಓಡುವುದಿಲ್ಲ, ಅದರ ಪಕ್ಕದಲ್ಲಿ ಓಪನ್‌ಬಾಕ್ಸ್‌ದೂ ಇದ್ದರೆ ಅದು ಓಡುತ್ತದೆ.